ಬರೆದರೆ ಕ್ರಿಪ್ಟೊ ಕಾಯಿನ್ ಸಿಗುತ್ತಾ? ಸೇರುವ ಮುಂಚೆ ಈ ಲೆಕ್ಕ ನೋಡಿ

ಬಸ್ ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿಯವರು ಮೊನ್ನೆ ಒಂದು ಮೆಸೇಜ್ ತೋರಿಸಿದರು. ‘ಮನೆಯಲ್ಲೇ ಕೂತು ಬರೆಯಿರಿ, ಕ್ರಿಪ್ಟೊ ಗಳಿಸಿರಿ, ಖಾತೆ ಆಕ್ಟಿವೇಷನ್‌ಗೆ 2,500 ರೂ. ಮಾತ್ರ’ ಅಂತ ಅದರಲ್ಲಿತ್ತು. ಡಿಗ್ರಿ ಓದುವ ಅವರ ಮಗಳು ಚೆನ್ನಾಗಿ ಕತೆ ಬರೆಯುತ್ತಾಳೆ. ‘ಕಟ್ಟಲಾ, ಬೇಡ್ವಾ? ನೀನೇ ಹೇಳಪ್ಪ’ ಅಂತ ಕೇಳಿದರು. ಇದೇ ಪ್ರಶ್ನೆ ಇನ್ನೂ ಹಲವರಿಗೆ ಇರುವುದರಿಂದ ಪೂರ್ತಿ ವಿವರ ಇಲ್ಲಿದೆ.

ಇಂಥ ತಾಣಗಳು ನಿಜವಾಗಿ ಇವೆಯಾ?

ಇವೆ. ಮೊದಲು ಹೆಸರು ಮಾಡಿದ್ದು ಅಮೆರಿಕದ ಸ್ಟೀಮಿಟ್. ನೆಡ್ ಸ್ಕಾಟ್ ಮತ್ತು ಡ್ಯಾನ್ ಲಾರಿಮರ್ 2016ರಲ್ಲಿ ಶುರು ಮಾಡಿದರು. ಬರಹಕ್ಕೆ ಓದುಗರು ವೋಟ್ ಹಾಕಿದರೆ ಬರೆದವರಿಗೆ ‘ಸ್ಟೀಮ್’ ಕಾಯಿನ್ ಸಿಗುತ್ತದೆ. 2018ರ ಜನವರಿಯಲ್ಲಿ ಒಂದು ಸ್ಟೀಮ್‌ನ ಬೆಲೆ 8 ಡಾಲರ್ ದಾಟಿತ್ತು. ಅದೇ ವರ್ಷದ ಕೊನೆಗೆ ಅರ್ಧ ಡಾಲರಿಗಿಂತಲೂ ಕೆಳಗೆ ಬಿತ್ತು. ನವೆಂಬರ್‌ನಲ್ಲಿ ಕಂಪನಿ ಶೇ 70ರಷ್ಟು ಸಿಬ್ಬಂದಿಯನ್ನು ಮನೆಗೆ ಕಳಿಸಿತು. 2020ರ ಫೆಬ್ರುವರಿಯಲ್ಲಿ ಟ್ರಾನ್ ಕಾಯಿನ್‌ನ ಜಸ್ಟಿನ್ ಸನ್ ಕಂಪನಿಯನ್ನು ಕೊಂಡುಕೊಂಡರು. ಅದು ಒಪ್ಪದ ಬಳಕೆದಾರರು ಮಾರ್ಚ್‌ನಲ್ಲಿ ಬೇರೆಯಾಗಿ ‘ಹೈವ್’ ಎಂಬ ಜಾಲ ಕಟ್ಟಿಕೊಂಡರು.

ದುಡ್ಡು ಹಂಚುವುದು ಹೇಗೆ?

ಇಲ್ಲಿ ಎಲ್ಲರ ವೋಟಿಗೂ ಒಂದೇ ತೂಕ ಇಲ್ಲ. ಯಾರ ಹತ್ತಿರ ಹೆಚ್ಚು ಕಾಯಿನ್ ಲಾಕ್ ಆಗಿದೆಯೋ ಅವರ ವೋಟಿಗೆ ಹೆಚ್ಚು ಬೆಲೆ. ಕಾಯಿನ್ ಇಲ್ಲದ ನೂರು ಜನ ಮೆಚ್ಚಿದರೂ ನಾಲ್ಕು ಕಾಸು ಸಿಗಬಹುದು. ದೊಡ್ಡ ಕುಳ ಒಬ್ಬ ಒತ್ತಿದರೆ ಡಾಲರ್‌ಗಟ್ಟಲೆ ಬೀಳಬಹುದು. ಆ ದೊಡ್ಡ ಕುಳಗಳಲ್ಲಿ ಕನ್ನಡ ಓದುವವರು ಎಷ್ಟು ಜನ ಸಿಗುತ್ತಾರೆ, ನೀವೇ ಯೋಚಿಸಿ.

ಹೈವ್‌ನ ಲೆಕ್ಕ ನೋಡೋಣ. ನಿಮ್ಮ ಬರಹಕ್ಕೆ 7 ದಿನದಲ್ಲಿ 10 ಡಾಲರ್ ಬಂತು ಅಂತ ಇಟ್ಟುಕೊಳ್ಳಿ.

- ಅದರಲ್ಲಿ ಅರ್ಧ, ಅಂದರೆ 5 ಡಾಲರ್, ವೋಟ್ ಹಾಕಿದವರಿಗೆ ಹೋಗುತ್ತದೆ.
- ನಿಮ್ಮ 5 ಡಾಲರ್‌ನಲ್ಲಿ ಸಾಮಾನ್ಯವಾಗಿ ಅರ್ಧ ‘ಹೈವ್ ಪವರ್’ ಆಗಿ ಲಾಕ್ ಆಗುತ್ತದೆ. ಬಿಡಿಸಿಕೊಳ್ಳಲು 13 ವಾರ, ವಾರಕ್ಕೊಂದು ಕಂತು.
- ಕೂಡಲೇ ಕೈಗೆ ಬರುವುದು ಎರಡೂವರೆ ಡಾಲರ್. ಡಾಲರಿಗೆ 85 ರೂ. ಹಿಡಿದರೆ ಸುಮಾರು 212 ರೂ. ಅದೂ ಕಾಯಿನ್ ರೂಪದಲ್ಲಿ.

ಹತ್ತು ಡಾಲರ್ ಅನ್ನುವುದು ಲೆಕ್ಕಕ್ಕೆ ಹಿಡಿದ ಮೊತ್ತ ಅಷ್ಟೇ. ಹೊಸಬರ ಬರಹಕ್ಕೆ ಕೆಲವು ಸೆಂಟ್ ಬಂದು ನಿಲ್ಲುವುದು ಮಾಮೂಲಿ. ಬೇರೆಯವರದ್ದು ಕಾಪಿ ಹೊಡೆದರೆ ಡೌನ್‌ವೋಟ್ ಹಾಕಿ, ಬಂದಿದ್ದನ್ನೂ ಇಲ್ಲವಾಗಿಸುತ್ತಾರೆ.

ಕಾಯಿನ್ ರೂಪಾಯಿ ಆಗುವುದು ಹೇಗೆ?

ಕ್ರಿಪ್ಟೊ ಎಕ್ಸ್‌ಚೇಂಜ್‌ನಲ್ಲಿ ಮಾರಬೇಕು. ಎಲ್ಲ ಎಕ್ಸ್‌ಚೇಂಜ್‌ಗಳೂ ಎಲ್ಲ ಕಾಯಿನ್ ತಗೊಳ್ಳಲ್ಲ, ಮೊದಲೇ ವಿಚಾರಿಸಿಕೊಳ್ಳಿ. ಎಕ್ಸ್‌ಚೇಂಜ್‌ನಲ್ಲಿ ಇಟ್ಟಿದ್ದೂ ಭದ್ರ ಅಂತ ಹೇಳಲಾಗದು. 2024ರ ಜುಲೈನಲ್ಲಿ ವಜೀರ್‌ಎಕ್ಸ್‌ನಿಂದ ಸುಮಾರು 2,000 ಕೋಟಿ ರೂ. ಮೌಲ್ಯದ ಕ್ರಿಪ್ಟೊ ಕಳವಾಯಿತು. ತಮ್ಮ ಕ್ರಿಪ್ಟೊ ವಾಪಸ್ ಪಡೆಯಲು ಗ್ರಾಹಕರು ತಿಂಗಳುಗಟ್ಟಲೆ ಕಾಯಬೇಕಾಯಿತು.

ತೆರಿಗೆಯೂ ಇದೆ. 2022ರ ಏಪ್ರಿಲ್‌ನಿಂದ ಕ್ರಿಪ್ಟೊ ಮಾರಿ ಬಂದ ಲಾಭಕ್ಕೆ ಶೇ 30 ತೆರಿಗೆ, ಮೇಲೆ ಸೆಸ್. ಅದೇ ಜುಲೈನಿಂದ ಮಾರಾಟದ ಮೊತ್ತದ ಮೇಲೆ ಶೇ 1 ಟಿಡಿಎಸ್ ನಿಯಮವೂ ಬಂದಿದೆ. ಒಂದು ಕಾಯಿನ್‌ನಲ್ಲಿ ಆದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವ ಹಾಗಿಲ್ಲ. ಅಂಗಡಿ ಲೆಕ್ಕದ ನಷ್ಟವನ್ನೂ ಇದರಲ್ಲಿ ತೋರಿಸುವಂತಿಲ್ಲ. ಬರೆದು ಗಳಿಸಿದ ಕಾಯಿನ್ ಅನ್ನು ಆದಾಯ ಅಂತ ಹೇಗೆ ತೋರಿಸಬೇಕು ಎಂಬುದನ್ನು ನಿಮ್ಮ ಆಡಿಟರ್ ಹತ್ತಿರ ಕೇಳಿ.

ಹಾಗಾದರೆ ಸೇರಬಹುದಾ?

ಹವ್ಯಾಸಕ್ಕೆ, ಇಂಗ್ಲಿಷ್ ಬರವಣಿಗೆ ರೂಢಿಗೆ ಸೇರಬಹುದು. ಮನೆ ಖರ್ಚಿಗೆ, ಕಾಲೇಜು ಫೀಸಿಗೆ ಇದನ್ನೇ ನಂಬುವಂತಿಲ್ಲ. ಸೇರುವುದಾದರೆ ಇಷ್ಟು ನೆನಪಿಡಿ:

- ಖಾತೆ ತೆರೆಯಲು ಯಾರಿಗೂ ದುಡ್ಡು ಕೊಡಬೇಡಿ. ಹೈವ್‌ನಲ್ಲಿ ಉಚಿತವಾಗಿ ಖಾತೆ ತೆರೆಯುವ ದಾರಿ ಇದೆ.
- ವೋಟಿನ ತೂಕ ಹೆಚ್ಚಿಸಿಕೊಳ್ಳಲು ಕೈಯಿಂದ ದುಡ್ಡು ಹಾಕಿ ಕಾಯಿನ್ ಕೊಳ್ಳಬೇಡಿ. ಅಲ್ಲಿಗೆ ಅದು ಬರವಣಿಗೆ ಅಲ್ಲ, ಕ್ರಿಪ್ಟೊ ವ್ಯಾಪಾರ.
- ಪಾಸ್‌ವರ್ಡ್ ಕೀಗಳನ್ನು ಕಾಗದದಲ್ಲಿ ಬರೆದು ಬೀರುವಿನಲ್ಲಿಡಿ. ಕಳೆದರೆ ಬ್ಯಾಂಕಿನ ಹಾಗೆ ಹೊಸದು ಕೊಡುವವರಿಲ್ಲ. ಯಾರಿಗೂ ಫೋನಿನಲ್ಲಿ ಹೇಳಬೇಡಿ.
- ಈಗಾಗಲೇ ದುಡ್ಡು ಕಳಿಸಿ ಮೋಸ ಹೋಗಿದ್ದರೆ ತಡ ಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದಷ್ಟೂ ದುಡ್ಡು ತಡೆಹಿಡಿಯುವ ಅವಕಾಶ ಹೆಚ್ಚು.

ಜೆರಾಕ್ಸ್ ಅಂಗಡಿಯವರು 2,500 ರೂ. ಕಟ್ಟಲಿಲ್ಲ. ಮೇಲಿನ ಲೆಕ್ಕದ ಪ್ರಕಾರ ಆ ದುಡ್ಡು ವಾಪಸ್ ಬರಬೇಕಾದರೇ 10 ಡಾಲರ್ ಗಳಿಸುವ ಹನ್ನೆರಡು ಬರಹ ಬೇಕಿತ್ತು. ಮಗಳು ಕತೆ ಬರೆಯುವುದನ್ನು ಮಾತ್ರ ನಿಲ್ಲಿಸಿಲ್ಲ. ಬರೆಯುವವರು ಬರೆಯಲಿ, ಆದರೆ ಬರೆಯುವುದಕ್ಕೆ ನಾವೇ ದುಡ್ಡು ಕಟ್ಟಬೇಕು ಅಂದರೆ ಅಲ್ಲೇ ಅನುಮಾನ ಪಡಿ.