ವಿಂಡೋ ಯಾವ ಕೋಣೆಯದು? ವರ್ಚುವಲ್ ಡೆಸ್ಕ್‌ಟಾಪ್ ತೊಡಕುಗಳ ಚರಿತ್ರೆ

ಥಾಣೆ ರೈಲು ನಿಲ್ದಾಣದ ಪಶ್ಚಿಮ ಮಗ್ಗುಲಿಗೆ ಹಬ್ಬಿರುವ ನೌಪಾಡಾ ಮನೆಗಳ ಮತ್ತು ಅಂಗಡಿಬೀದಿಗಳ ಬಡಾವಣೆಯಾಗಿದ್ದು, ಅಲ್ಲಿಂದ ಬೆಳಿಗ್ಗೆ ಟ್ರಾನ್ಸ್ ಹಾರ್ಬರ್ ಮಾರ್ಗದ ಲೋಕಲ್ ಹಿಡಿಯುವವರಲ್ಲಿ ಐರೋಲಿ, ರಬಾಳೆ, ಘನ್ಸೋಲಿ, ತುರ್ಭೆಗಳ ಸಾಫ್ಟ್‌ವೇರ್ ಕಚೇರಿಗಳಿಗೆ ಹೋಗುವ ನೌಕರರೂ ಸೇರಿದ್ದಾರೆ. 1960ರ ದಶಕದಿಂದ ರಾಸಾಯನಿಕ ಮತ್ತು ಎಂಜಿನಿಯರಿಂಗ್ ಕಾರ್ಖಾನೆಗಳ ಸಾಲಾಗಿ ಬೆಳೆದ ಥಾಣೆ–ಬೇಲಾಪುರ ರಸ್ತೆಯ ಇಕ್ಕೆಲಗಳು ಕಳೆದ ಎರಡು ಮೂರು ದಶಕಗಳಲ್ಲಿ ಗಾಜಿನ ಕಚೇರಿಗಳಿಗೂ ಡೇಟಾ ಸೆಂಟರ್‌ಗಳಿಗೂ ಎಡೆಮಾಡಿಕೊಟ್ಟವು. ಆ ಕಚೇರಿಗಳ ಜೊತೆಗೆ ಬಂದ ದುಡಿಮೆಯ ಪದ್ಧತಿಗಳಲ್ಲಿ ವರ್ಚುವಲ್ ಡೆಸ್ಕ್‌ಟಾಪ್ ಅಥವಾ ವರ್ಕ್‌ಸ್ಪೇಸ್ ಒಂದು. ಒಂದೇ ಪರದೆಯ ಮೇಲೆ ಸರದಿಯಾಗಿ ತೋರಿಸಬಹುದಾದ ಹಲವು ಮೇಜುಗಳನ್ನು ಕಲ್ಪಿಸಿ, ಒಂದರಲ್ಲಿ ಪತ್ರವ್ಯವಹಾರ, ಇನ್ನೊಂದರಲ್ಲಿ ಕೋಡ್, ಮತ್ತೊಂದರಲ್ಲಿ ಗ್ರಾಹಕನ ಸರ್ವರ್ ಎಂದು ವಿಂಡೋಗಳನ್ನು ವಿಂಗಡಿಸಿಡುವ ವ್ಯವಸ್ಥೆಗೆ ಈ ಹೆಸರು.

ಈ ಪದ್ಧತಿಯ ಬಗೆಗಿನ ದೂರುಗಳು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ಬಗೆಯವು. ಎರಡನೆಯ ಡೆಸ್ಕ್‌ಟಾಪ್‌ನಲ್ಲಿ ಇಮೇಲ್ ಓದುತ್ತ ಅದರೊಳಗಿನ ಲಿಂಕ್ ಒತ್ತಿದರೆ ಪುಟ ನಾಲ್ಕನೆಯದರಲ್ಲಿ ತೆರೆದು ಬಳಕೆದಾರನನ್ನೂ ಅಲ್ಲಿಗೆ ಎಳೆದೊಯ್ಯುತ್ತದೆ. ನಿಧಾನವಾಗಿ ಶುರುವಾಗುವ ಪ್ರೋಗ್ರಾಂ ತನ್ನನ್ನು ಕರೆದ ಜಾಗದಲ್ಲಿ ಕಾಣಿಸಿಕೊಳ್ಳದೆ, ಕರೆದವನು ಅಷ್ಟರಲ್ಲಿ ಹೋಗಿ ಕುಳಿತ ಇನ್ನೊಂದು ಡೆಸ್ಕ್‌ಟಾಪ್‌ನಲ್ಲಿ ತಲೆಯೆತ್ತುತ್ತದೆ. ಎರಡನೆಯ ಮಾನಿಟರ್‌ನ ಕೇಬಲ್ ಕಿತ್ತಾಗ ವಿಂಗಡಿಸಿಟ್ಟದ್ದೆಲ್ಲ ಕಲಸಿಹೋಗುತ್ತದೆ. ಇವನ್ನು ತಂತ್ರಾಂಶದ ಬಿಡಿ ದೋಷಗಳೆಂದು ತಳ್ಳಿಹಾಕುವುದು ವಾಡಿಕೆಯಾದರೂ, ಇವುಗಳಲ್ಲಿ ಹಲವಕ್ಕೆ ನಾಲ್ಕು ದಶಕಗಳ ವಂಶಾವಳಿಯಿದೆ. ಒಂದು ವಿಂಡೋ ಯಾವ ಡೆಸ್ಕ್‌ಟಾಪ್‌ಗೆ ಸೇರಿದ್ದು ಎಂಬುದನ್ನು ತೀರ್ಮಾನಿಸುವ ಅಧಿಕಾರ ಯಾರದು, ಮತ್ತು ಅದು ಒಂದಕ್ಕೇ ಸೇರಿರಬೇಕೆ ಎಂಬ ಎರಡು ಪ್ರಶ್ನೆಗಳಿಗೆ ಬೇರೆ ಬೇರೆ ಕಾಲದಲ್ಲಿ ಸಿಕ್ಕ ಒಂದಕ್ಕೊಂದು ಹೊಂದದ ಉತ್ತರಗಳೇ ಇಂದು ತೊಡಕುಗಳಾಗಿ ಎದ್ದು ಕಾಣುತ್ತಿವೆ.

ಎರಡನೆಯ ಪ್ರಶ್ನೆಗೆ ಅತ್ಯಂತ ವಿವೇಕದ ಉತ್ತರ ಮೊದಲೇ ಸಿಕ್ಕಿತ್ತೆಂಬುದು ಈ ಚರಿತ್ರೆಯ ವ್ಯಂಗ್ಯ. ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೊದಲ್ಲಿದ್ದ ಜೆರಾಕ್ಸ್ ಸಂಶೋಧನಾ ಕೇಂದ್ರದ ಸ್ಮಾಲ್‌ಟಾಕ್ ಪರಿಸರದಲ್ಲಿ ‘ಪ್ರಾಜೆಕ್ಟ್’ ಎಂಬ ಹೆಸರಿನಲ್ಲಿ ಕೆಲಸಕ್ಕೊಂದು ಪರದೆಯ ಕಲ್ಪನೆ ಆಗಲೇ ಬಳಕೆಯಲ್ಲಿತ್ತು. ಅದೇ ಕೇಂದ್ರದ ಆಸ್ಟಿನ್ ಹೆಂಡರ್ಸನ್ ಮತ್ತು ಸ್ಟುವರ್ಟ್ ಕಾರ್ಡ್ 1986ರಲ್ಲಿ ‘ರೂಮ್ಸ್’ ಎಂಬ ವ್ಯವಸ್ಥೆಯನ್ನು ವಿವರಿಸುವ ಪ್ರಬಂಧವನ್ನು ಪ್ರಕಟಿಸಿದರು. ಪೀಟರ್ ಡೆನ್ನಿಂಗ್ 1968ರಲ್ಲಿ ಕಂಪ್ಯೂಟರಿನ ಸ್ಮೃತಿಯ ಬಗ್ಗೆ ಮಂಡಿಸಿದ ‘ವರ್ಕಿಂಗ್ ಸೆಟ್’ ಸಿದ್ಧಾಂತವನ್ನು, ಅಂದರೆ ಒಂದು ಪ್ರೋಗ್ರಾಂ ಒಂದು ಅವಧಿಯಲ್ಲಿ ತನ್ನ ಎಲ್ಲ ಪುಟಗಳನ್ನಲ್ಲ, ಅವುಗಳಲ್ಲಿ ಒಂದು ಚಿಕ್ಕ ಗುಂಪನ್ನಷ್ಟೇ ಮತ್ತೆ ಮತ್ತೆ ಮುಟ್ಟುತ್ತದೆ ಎಂಬ ವಿಚಾರವನ್ನು, ಅವರು ಮನುಷ್ಯ ಮತ್ತು ವಿಂಡೋಗಳ ಸಂಬಂಧಕ್ಕೆ ಅನ್ವಯಿಸಿದರು. ಪರದೆ ಚಿಕ್ಕದು, ಕೆಲಸಗಳು ಹಲವು. ಒಂದು ಕೆಲಸಕ್ಕೆ ಬೇಕಾಗುವ ವಿಂಡೋಗಳ ಗುಂಪು ಮಾತ್ರ ಪರದೆಯ ಮೇಲಿದ್ದರೆ ಹುಡುಕಾಟ ತಪ್ಪುತ್ತದೆ ಎಂಬುದು ಅವರ ವಾದ.

ಆದರೆ ಗುಂಪುಗಳು ಒಂದರೊಳಗೊಂದು ಹಾಯುತ್ತವೆ ಎಂಬುದನ್ನೂ ಅವರು ಗಮನಿಸಿದ್ದರು. ಗಡಿಯಾರವೋ ಪತ್ರಪೆಟ್ಟಿಗೆಯೋ ಎಲ್ಲ ಕೆಲಸಗಳಿಗೂ ಬೇಕು. ಒಂದೇ ಕಡತ ಎರಡು ಕೆಲಸಗಳಿಗೆ ಬೇಕಾಗಬಹುದು. ಮುಂಬಯಿಯ ಚಾಳಿನ ಒಂದೇ ಖೋಲಿ ಹಗಲು ಬೈಠಕ್ ಆಗಿ ರಾತ್ರಿ ಮಲಗುವ ಮನೆಯಾಗುವಾಗ ಕೆಲವು ಸಾಮಾನು ಮೂಲೆ ಸೇರಿದರೂ ಗೋಡೆಯ ಗಡಿಯಾರ ಎರಡಕ್ಕೂ ಉಳಿಯುವಂತೆ, ರೂಮ್ಸ್‌ನಲ್ಲಿ ಒಂದೇ ವಿಂಡೋ ಹಲವು ಕೋಣೆಗಳಲ್ಲಿ ಇರಬಹುದಾಗಿತ್ತು. ಅದಕ್ಕಾಗಿ ಅವರು ವಿಂಡೋವನ್ನೂ ಅದರ ‘ಪ್ಲೇಸ್‌ಮೆಂಟ್’ ಅನ್ನೂ, ಅಂದರೆ ಒಂದು ಕೋಣೆಯಲ್ಲಿ ಅದು ಪಡೆಯುವ ಜಾಗ ಮತ್ತು ಆಕಾರವನ್ನೂ, ಬೇರ್ಪಡಿಸಿದರು; ಹಾಗಾಗಿ ಒಂದು ಕೋಣೆಯಲ್ಲಿ ದೊಡ್ಡದಾಗಿ ಹರಡಿದ ವಿಂಡೋ ಇನ್ನೊಂದರಲ್ಲಿ ಮೂಲೆಯಲ್ಲಿ ಚಿಕ್ಕದಾಗಿ ನಿಲ್ಲಬಲ್ಲುದಾಗಿತ್ತು. ಎಲ್ಲ ಕೋಣೆಗಳಲ್ಲೂ ಜೊತೆಗಿರಬೇಕಾದ ವಿಂಡೋಗಳಿಗೆ ‘ಪಾಕೆಟ್’ ಎಂಬ ಪ್ರತ್ಯೇಕ ಏರ್ಪಾಡಿತ್ತು. ಈ ವಿಂಗಡಣೆಯ ಸೂಕ್ಷ್ಮತೆಯನ್ನು ನಂತರದ ಬಹುತೇಕ ವ್ಯವಸ್ಥೆಗಳು ಮುಟ್ಟಲಿಲ್ಲ.

ಅಧಿಕಾರ ಯಾರದು ಎಂಬ ಮೊದಲನೆಯ ಪ್ರಶ್ನೆ ಹುಟ್ಟಿದ್ದು ಎಕ್ಸ್ ವಿಂಡೋ ವ್ಯವಸ್ಥೆಯಲ್ಲಿ. 1984ರಲ್ಲಿ ಎಂಐಟಿಯಲ್ಲಿ ಬಾಬ್ ಶೀಫ್ಲರ್ ಮತ್ತು ಜಿಮ್ ಗೆಟ್ಟಿಸ್ ಆರಂಭಿಸಿ, 1987ರಲ್ಲಿ ಹನ್ನೊಂದನೆಯ ಆವೃತ್ತಿಯಾಗಿ ನೆಲೆನಿಂತ ಈ ವ್ಯವಸ್ಥೆಯ ಮೂಲಸೂತ್ರ, ಸಾಧನವನ್ನಷ್ಟೇ ಒದಗಿಸಬೇಕು, ಅದನ್ನು ಬಳಸುವ ನೀತಿಯನ್ನು ಹೇರಬಾರದು ಎಂಬುದಾಗಿತ್ತು. ಅದರಂತೆ ಪರದೆಯ ಮೇಲೆ ಚಿತ್ರ ಬರೆಯುವ ಕೆಲಸ ಸರ್ವರ್‌ನದಾಯಿತು. ವಿಂಡೋಗೆ ಚೌಕಟ್ಟು ಕಟ್ಟುವ, ಸರಿಸುವ, ಮುಚ್ಚಿಡುವ ಕೆಲಸ ‘ವಿಂಡೋ ಮ್ಯಾನೇಜರ್’ ಎಂಬ, ಬಳಕೆದಾರ ಬೇಕೆಂದಾಗ ಬದಲಿಸಿಕೊಳ್ಳಬಹುದಾದ ಒಂದು ಸಾಮಾನ್ಯ ಪ್ರೋಗ್ರಾಂನ ಪಾಲಿಗೆ ಬಂತು. ಇವೆರಡರ ನಡುವೆ ಅನ್ವಯಗಳು ಹೇಗೆ ನಡೆದುಕೊಳ್ಳಬೇಕೆಂಬ ಶಿಷ್ಟಾಚಾರವನ್ನು ಡೇವಿಡ್ ರೋಸೆಂತಾಲ್ 1980ರ ದಶಕದ ಕೊನೆಯಲ್ಲಿ ‘ಐಸಿಸಿಸಿಎಂ’ ಎಂಬ ಕೈಪಿಡಿಯಾಗಿ ಬರೆದರು. ಆ ಕೈಪಿಡಿ ವಿಂಡೋಗೆ ಮೂರೇ ಸ್ಥಿತಿಗಳನ್ನು ಗುರುತಿಸಿತು: ಕಾಣುತ್ತಿರುವುದು, ಐಕಾನ್ ಆಗಿ ಮಡಿಸಿಟ್ಟದ್ದು, ಹಿಂತೆಗೆದುಕೊಂಡದ್ದು. ತೆರೆದೇ ಇದ್ದು ಬೇರೊಂದು ಡೆಸ್ಕ್‌ಟಾಪ್‌ನಲ್ಲಿರುವ ವಿಂಡೋಗೆ ಇವುಗಳಲ್ಲಿ ಯಾವುದೂ ಸರಿಯಾಗಿ ಒಗ್ಗುವುದಿಲ್ಲ. ವರ್ಕ್‌ಸ್ಪೇಸ್ ಎಂಬ ಕಲ್ಪನೆಗೇ ಆ ಬರಹದಲ್ಲಿ ಜಾಗವಿರಲಿಲ್ಲ.

ಜಾಗವಿಲ್ಲದಿದ್ದರೂ ಜನ ಅದನ್ನು ಕಟ್ಟಿಕೊಂಡರು. ಟ್ವಿಮ್ ಎಂಬ ಪ್ರಸಿದ್ಧ ವಿಂಡೋ ಮ್ಯಾನೇಜರ್‌ನ ಕರ್ತೃ ಟಾಮ್ ಲಾಸ್ಟ್ರೇಂಜ್, ಸೋಲ್ಬೋರ್ನ್ ಕಂಪನಿಗಾಗಿ 1990ರ ಸುಮಾರಿಗೆ ರೂಪಿಸಿದ ಎಸ್‌ಡಬ್ಲ್ಯೂಎಂ, ಪರದೆಗಿಂತ ಹಲವು ಪಟ್ಟು ದೊಡ್ಡದಾದ ಒಂದು ವಿಂಡೋವನ್ನು ಸೃಷ್ಟಿಸಿ, ಉಳಿದೆಲ್ಲ ವಿಂಡೋಗಳನ್ನು ಅದರ ಮಕ್ಕಳನ್ನಾಗಿ ಮಾಡಿ, ಆ ದೊಡ್ಡ ಹಾಸನ್ನೇ ಪರದೆಯ ಕೆಳಗೆ ಅತ್ತಿತ್ತ ಜರುಗಿಸುತ್ತಿತ್ತು. ಉಪಾಯ ಸೊಗಸಾಗಿತ್ತು, ಪೆಟ್ಟು ಬಿದ್ದದ್ದು ಎಕ್ಸ್ ವ್ಯವಸ್ಥೆಯ ಬುಡಕ್ಕೆ. ಆ ವ್ಯವಸ್ಥೆಯಲ್ಲಿ ಎಲ್ಲಕ್ಕೂ ಹಿಂದಿರುವ ವಿಂಡೋಗೆ ‘ರೂಟ್’ ಎಂದು ಹೆಸರು. ಹಿನ್ನೆಲೆಗೆ ಬಣ್ಣ ಬಳಿಯುವ ಪ್ರೋಗ್ರಾಂ ರೂಟ್ ಅನ್ನು ಹುಡುಕಿ ಅದಕ್ಕೇ ಬಣ್ಣ ಬಳಿಯುತ್ತದೆ. ಈಗ ನಿಜವಾದ ರೂಟ್ ಹೊಸ ದೊಡ್ಡ ಹಾಸಿನ ಅಡಿಯಲ್ಲಿ ಮುಚ್ಚಿಹೋಗಿದ್ದರಿಂದ ಬಣ್ಣ ಬಳಿದರೂ ಕಣ್ಣಿಗೆ ಕಾಣುತ್ತಿರಲಿಲ್ಲ, ಸ್ಕ್ರೀನ್‌ಸೇವರ್ ಓಡಿದರೂ ಪರದೆ ಹಾಗೆಯೇ ಇರುತ್ತಿತ್ತು. ಪರಿಹಾರವಾಗಿ ವಿಂಡೋ ಮ್ಯಾನೇಜರ್ ತನ್ನ ಕೃತಕ ರೂಟ್‌ನ ಮೇಲೆ ‘ಎಸ್‌ಡಬ್ಲ್ಯೂಎಂ ವೀರೂಟ್’ ಎಂಬ ಗುರುತನ್ನು ಅಂಟಿಸುವುದು, ಇತರ ಪ್ರೋಗ್ರಾಂಗಳು ಆ ಗುರುತನ್ನು ಹುಡುಕಿ ಅದನ್ನೇ ರೂಟ್ ಎಂದು ನಂಬುವುದು ಎಂಬ ಒಡಂಬಡಿಕೆ ಹುಟ್ಟಿತು. ಬರ್ಕ್ಲಿಯಲ್ಲಿದ್ದ ಆಂಡ್ರಿಯಾಸ್ ಸ್ಟೋಲ್ಕೆ ಬರೆದ ‘ವೀರೂಟ್’ ಎಂಬ ಪುಟ್ಟ ಕಡತವನ್ನು ಸೇರಿಸಿಕೊಂಡು ಮರುಸಂಕಲಿಸಿದ ಪ್ರೋಗ್ರಾಂಗಳು ಸರಿಹೋದವು, ಉಳಿದವು ಮೋಸಹೋಗುತ್ತಲೇ ಇದ್ದವು. ಸೋಲ್ಬೋರ್ನ್ ಕಂಪನಿ ಮರೆಯಾಗಿ ಎಷ್ಟೋ ವರ್ಷಗಳ ನಂತರವೂ ಅದರ ವಿಂಡೋ ಮ್ಯಾನೇಜರ್‌ನ ಹೆಸರು ಸ್ಕ್ರೀನ್‌ಸೇವರ್‌ಗಳ ಕೋಡ್‌ನೊಳಗೆ ಹೀಗೆ ಉಳಿದುಬಂತು.

ಇನ್ನೊಂದು ದಾರಿ ಹಿಡಿದವರು ಹಾಸನ್ನು ಬಿಟ್ಟು, ಡೆಸ್ಕ್‌ಟಾಪ್ ಬದಲಾದಾಗ ಹಳೆಯದರ ವಿಂಡೋಗಳನ್ನು ಮರೆಮಾಡಿ ಹೊಸದರ ವಿಂಡೋಗಳನ್ನು ತೋರಿಸತೊಡಗಿದರು. ರಾಬರ್ಟ್ ನೇಷನ್ 1993ರಲ್ಲಿ ಟ್ವಿಮ್‌ನಿಂದ ಕವಲೊಡೆಸಿದ ಎಫ್‌ವಿಡಬ್ಲ್ಯೂಎಂ ಎರಡೂ ಬಗೆಗಳನ್ನು ಒಟ್ಟಿಗೆ ಕೊಟ್ಟು, ಆರಂಭದ ಲಿನಕ್ಸ್ ಬಳಕೆದಾರರಿಗೆ ವರ್ಚುವಲ್ ಡೆಸ್ಕ್‌ಟಾಪ್‌ನ ರುಚಿ ಹಚ್ಚಿತು. ಎಚ್‌ಪಿ, ಐಬಿಎಂ, ಸನ್ ಮೊದಲಾದ ಕಂಪನಿಗಳು ಅದೇ ವರ್ಷ ಘೋಷಿಸಿದ ‘ಸಿಡಿಇ’ ಎಂಬ ಡೆಸ್ಕ್‌ಟಾಪ್ ಪರಿಸರದ ಕೆಳಪಟ್ಟಿಯಲ್ಲಿ ನಾಲ್ಕು ವರ್ಕ್‌ಸ್ಪೇಸ್ ಗುಂಡಿಗಳಿದ್ದವು, ವಿಂಡೋದ ಮೆನುವಿನಿಂದ ಅದನ್ನು ಒಂದು, ಎರಡು, ಮೂರು ಅಥವಾ ಎಲ್ಲ ವರ್ಕ್‌ಸ್ಪೇಸ್‌ಗಳಲ್ಲಿ ಕೂರಿಸುವ ಅವಕಾಶವೂ ಇತ್ತು. ರೂಮ್ಸ್‌ನ ಉತ್ತರ ಅಲ್ಲಿಯವರೆಗೂ ಬದುಕಿತ್ತು.

ಅದನ್ನು ಕೊನೆಗಾಣಿಸಿದ್ದು, ಸದುದ್ದೇಶದಿಂದಲೇ ಬರೆದ ಒಂದು ಒಪ್ಪಂದ. 1996ರಲ್ಲಿ ಕೆಡಿಇ, 1997ರಲ್ಲಿ ಗ್ನೋಮ್ ಎಂಬ ಡೆಸ್ಕ್‌ಟಾಪ್ ಪರಿಸರಗಳು ಆರಂಭವಾದ ಮೇಲೆ ಡೆಸ್ಕ್‌ಟಾಪ್‌ಗಳ ಲೆಕ್ಕ ಇಡುವವರು ಮೂವರಾದರು: ವಿಂಡೋ ಮ್ಯಾನೇಜರ್, ಟಾಸ್ಕ್‌ಬಾರ್, ಮತ್ತು ಡೆಸ್ಕ್‌ಟಾಪ್‌ಗಳ ಕಿರುನಕ್ಷೆ ತೋರಿಸುವ ಪೇಜರ್. ಒಂದು ಬಣದ ಟಾಸ್ಕ್‌ಬಾರ್‌ಗೆ ಇನ್ನೊಂದು ಬಣದ ವಿಂಡೋ ಮ್ಯಾನೇಜರ್‌ನ ಭಾಷೆ ತಿಳಿಯದೆ ಗೊಂದಲವಾದಾಗ, 2000ದ ಸುಮಾರಿಗೆ ಎಲ್ಲರಿಗೂ ಸಮ್ಮತವಾಗುವ ‘ಇಡಬ್ಲ್ಯೂಎಂಎಚ್’ ಎಂಬ ನಿರೂಪಣೆ ಸಿದ್ಧವಾಯಿತು. ಅದರ ಪ್ರಕಾರ ಪ್ರತಿಯೊಂದು ವಿಂಡೋಗೂ ಒಂದು ಸಂಖ್ಯೆ ಅಂಟಿರುತ್ತದೆ, ಅದೇ ಅದರ ಡೆಸ್ಕ್‌ಟಾಪ್. ಸಂಖ್ಯೆ 4294967295 ಆಗಿದ್ದರೆ, ಅಂದರೆ ಮೂವತ್ತೆರಡೂ ಬಿಟ್‌ಗಳು ಒಂದಾಗಿದ್ದರೆ, ವಿಂಡೋ ಎಲ್ಲ ಡೆಸ್ಕ್‌ಟಾಪ್‌ಗಳಿಗೆ ಸೇರಿದ್ದೆಂದು ಅರ್ಥ. ಒಂದು ಅಥವಾ ಎಲ್ಲ. ಎರಡಕ್ಕೆ ಸೇರಿದ್ದು, ಮೂರಕ್ಕೆ ಸೇರಿದ್ದು ಎಂದು ಹೇಳುವ ಬಗೆಯೇ ಇಲ್ಲ. ಲೆಕ್ಕ ಸರಳವಾಯಿತು, ಕಲ್ಪನೆ ಬಡವಾಯಿತು. 2006ರಲ್ಲಿ ಬಂದ ಡಿಡಬ್ಲ್ಯೂಎಂ ಎಂಬ ವಿಂಡೋ ಮ್ಯಾನೇಜರ್ ಒಂದೇ ವಿಂಡೋಗೆ ಹಲವು ಗುರುತುಗಳನ್ನು ಹಚ್ಚುವ ಪದ್ಧತಿಗೆ ಮರಳಿದಾಗ ಆ ಸಂಖ್ಯೆಯನ್ನೇ ಕೈಬಿಟ್ಟಿತು. ಫಲವಾಗಿ ಸಂಖ್ಯೆಯನ್ನು ನಂಬಿದ ಹೊರಗಿನ ಟಾಸ್ಕ್‌ಬಾರ್‌ಗಳಿಗೆ ಅದರ ವಿಂಡೋಗಳು ಎಲ್ಲಿವೆಯೆಂದು ತಿಳಿಯದಾಯಿತು. ಅದೇ ವರ್ಷದ ಕಾಂಪಿಜ್ ಎಂಬ ಇನ್ನೊಂದು ವಿಂಡೋ ಮ್ಯಾನೇಜರ್, ತಿರುಗುವ ಘನಾಕೃತಿಯ ಬೆಡಗಿಗಾಗಿ, ಹಲವು ಡೆಸ್ಕ್‌ಟಾಪ್‌ಗಳ ಬದಲು ಒಂದೇ ಅಗಲವಾದ ಡೆಸ್ಕ್‌ಟಾಪ್ ಇದೆಯೆಂದು ಸಾರಿ ಎಸ್‌ಡಬ್ಲ್ಯೂಎಂನ ಹಳೆಯ ಹಾಸನ್ನು ಮತ್ತೆ ಹಾಸಿತು. ನಿರೂಪಣೆಗೆ ಎರಡೂ ಸಮ್ಮತವಾಗಿದ್ದರೂ, ಎಷ್ಟೋ ಪೇಜರ್‌ಗಳು ನಾಲ್ಕರ ಬದಲು ಒಂದೇ ಡೆಸ್ಕ್‌ಟಾಪ್ ಎಣಿಸಿ ಸುಮ್ಮನಾದವು.

ಆದರೆ ಕನ್ನಡ ಓದುಗರು ಈ ನಿರೂಪಣೆಗೆ ಒಂದು ಋಣ ಸಲ್ಲಿಸಲೇಬೇಕು. ವಿಂಡೋದ ತಲೆಪಟ್ಟಿಯ ಹೆಸರನ್ನು ಬರೆಯುವುದು ಅನ್ವಯವಲ್ಲ, ವಿಂಡೋ ಮ್ಯಾನೇಜರ್. ಹಳೆಯ ಕೈಪಿಡಿಯಂತೆ ಆ ಹೆಸರು ಸಾಮಾನ್ಯವಾಗಿ ಪಶ್ಚಿಮ ಯೂರೋಪಿನ ಲಿಪಿಸಂಕೇತದಲ್ಲಿರುತ್ತಿದ್ದುದರಿಂದ ಅನ್ವಯದ ಒಳಗೆ ಕನ್ನಡ ಮೂಡಿದರೂ ತಲೆಪಟ್ಟಿಯಲ್ಲಿ ಅದಕ್ಕೆ ಎಡೆಯಿರಲಿಲ್ಲ. ಹೊಸ ನಿರೂಪಣೆ ವಿಂಡೋದ ಹೆಸರನ್ನೂ ಡೆಸ್ಕ್‌ಟಾಪ್‌ಗಳ ಹೆಸರುಗಳನ್ನೂ ಯುನಿಕೋಡ್‌ನ ಯುಟಿಎಫ್–8 ರೂಪದಲ್ಲಿ ಇಡಬೇಕೆಂದು ವಿಧಿಸಿತು. ಹೆಸರು ಸರಿಯಾಗಿ ತಲುಪಿದರೆ ಸಾಲದು, ಒತ್ತಕ್ಷರ ಗುಣಿತಾಕ್ಷರಗಳು ಸರಿಯಾಗಿ ಕೂಡಿಕೊಳ್ಳಬೇಕು. ಆ ದಿಕ್ಕಿನ ಭಾರತೀಯ ಪ್ರಯತ್ನಗಳಲ್ಲೊಂದು ಮುಂಬಯಿಯವರದ್ದೇ. ಮುಂಬಯಿಯ ಜುಹೂವಿನಲ್ಲಿದ್ದು ನವಿ ಮುಂಬಯಿಯ ಖಾರ್‌ಘರ್‌ನಲ್ಲೂ ನೆಲೆ ಹೊಂದಿದ, 2000ದ ದಶಕದ ಆರಂಭದಲ್ಲಿ ಸಿ–ಡ್ಯಾಕ್‌ನೊಳಗೆ ವಿಲೀನವಾದ ರಾಷ್ಟ್ರೀಯ ಸಾಫ್ಟ್‌ವೇರ್ ತಂತ್ರಜ್ಞಾನ ಕೇಂದ್ರ, ‘ಇಂಡಿಕ್ಸ್’ ಎಂಬ ಯೋಜನೆಯಲ್ಲಿ ಭಾರತೀಯ ಲಿಪಿಗಳ ಜೋಡಣೆಯನ್ನು ಪ್ರತಿಯೊಂದು ಅನ್ವಯಕ್ಕೆ ಬಿಡದೆ ಎಕ್ಸ್ ವ್ಯವಸ್ಥೆಯ ಮಟ್ಟದಲ್ಲೇ ಅಳವಡಿಸಲು ಯತ್ನಿಸಿತು. ಲೋಕ ಕೊನೆಗೆ ಹಿಡಿದದ್ದು ಬೇರೆ ದಾರಿ, ಅಂದರೆ ಜೋಡಣೆಯನ್ನು ಅನ್ವಯಗಳು ಬಳಸುವ ಪ್ಯಾಂಗೊ, ಕ್ಯೂಟಿ ಮೊದಲಾದ ಕೋಡ್‌ಭಂಡಾರಗಳಿಗೆ ವಹಿಸುವುದು; ಆದರೂ ತಲೆಪಟ್ಟಿಯಂಥ ಯಾರದ್ದೂ ಅಲ್ಲದ ಜಾಗವನ್ನು ವ್ಯವಸ್ಥೆಯೇ ನೋಡಿಕೊಳ್ಳಬೇಕೆಂಬ ಇಂಡಿಕ್ಸ್‌ನ ತರ್ಕ ತಪ್ಪೆನ್ನಲಾಗದು.

ವಿಂಡೋ ವ್ಯವಸ್ಥೆಯೆಲ್ಲ ಒಂದೇ ಕಂಪನಿಯ ಕೈಯಲ್ಲಿರುವ ಕಡೆ ಅಧಿಕಾರದ ಜಗಳವಿಲ್ಲ, ಆದರೆ ತೊಡಕುಗಳು ಬೇರೊಂದು ಬಾಗಿಲಿನಿಂದ ಬಂದವು. ಆ್ಯಪಲ್ 2007ರಲ್ಲಿ ‘ಸ್ಪೇಸಸ್’ ತಂದಾಗ ಅದರ ಹಳೆಯ ನಂಬಿಕೆಯಂತೆ ವಿಂಡೋಗಳು ಕೆಲಸಕ್ಕಲ್ಲ, ಅನ್ವಯಕ್ಕೆ ಸೇರಿದ್ದವು. ಹೀಗಾಗಿ ಅನ್ವಯದ ಐಕಾನ್ ಒತ್ತಿದರೆ ಅದರ ವಿಂಡೋ ಇರುವ ಬೇರೆ ಸ್ಪೇಸ್‌ಗೆ ಬಳಕೆದಾರ ಹಾರಿಹೋಗುತ್ತಿದ್ದ. ಈ ಹಾರಾಟವನ್ನು ನಿಲ್ಲಿಸುವ ಆಯ್ಕೆಯನ್ನು ಮುಂದೆ ಸೇರಿಸಬೇಕಾಯಿತು. 2013ರಲ್ಲಿ ಪ್ರತಿ ಮಾನಿಟರ್‌ಗೂ ಪ್ರತ್ಯೇಕ ಸ್ಪೇಸ್‌ಗಳನ್ನು ಕೊಟ್ಟಾಗ, ಒಂದು ವಿಂಡೋ ಎರಡು ಮಾನಿಟರ್‌ಗಳ ಮೇಲೆ ಹರಡುವಂತಿರಲಿಲ್ಲ. ಮೈಕ್ರೋಸಾಫ್ಟ್‌ನ ವಿಂಡೋಸ್ ಎನ್‌ಟಿಯ ಒಳಗೆ ಡೆಸ್ಕ್‌ಟಾಪ್ ಎಂಬ ವಸ್ತು ಮೊದಲಿಂದಲೂ ಇತ್ತು. 2008ರಲ್ಲಿ ಸಿಸ್‌ಇಂಟರ್ನಲ್ಸ್ ಹೊರತಂದ ಉಪಕರಣ ಅದನ್ನೇ ಬಳಸಿ ನಾಲ್ಕು ಡೆಸ್ಕ್‌ಟಾಪ್‌ಗಳನ್ನು ಕೊಟ್ಟಿತಾದರೂ ಒಂದರಲ್ಲಿ ಹುಟ್ಟಿದ ವಿಂಡೋವನ್ನು ಇನ್ನೊಂದಕ್ಕೆ ಸಾಗಿಸಲು ಸಾಧ್ಯವಿರಲಿಲ್ಲ. 2015ರ ವಿಂಡೋಸ್ 10 ಬೇರೆ ಉಪಾಯ ಹಿಡಿದು ಅನ್ಯ ಡೆಸ್ಕ್‌ಟಾಪ್‌ಗಳ ವಿಂಡೋಗಳಿಗೆ ಮುಸುಕು ಹಾಕಿತು. ಅನ್ವಯಗಳಿಗೆ ತೆರೆದಿಟ್ಟ ಸೌಲಭ್ಯ ಮಾತ್ರ ತೀರ ಕಿರಿದು: ಒಂದು ಅನ್ವಯ ತನ್ನ ವಿಂಡೋವನ್ನು ಸಾಗಿಸಬಹುದು, ಪರರದ್ದನ್ನು ಸಾಗಿಸಲಾಗದು. ಹೆಚ್ಚಿನದನ್ನು ಬಯಸಿದ ಉಪಕರಣಗಳು ಪ್ರಕಟವಾಗದ ಒಳದಾರಿಗಳನ್ನು ಹಿಡಿದು, ವಿಂಡೋಸ್‌ನ ಹೊಸ ಆವೃತ್ತಿ ಬಂದಾಗಲೆಲ್ಲ ಮುರಿದುಬೀಳುವುದು ಮಾಮೂಲಾಯಿತು.

ಮಾನಿಟರ್‌ಗಳ ಸಂಖ್ಯೆ ಹೆಚ್ಚಿದಂತೆ ಜಟಿಲತೆಯೂ ಹೆಚ್ಚಿತು. 2011ರ ಗ್ನೋಮ್ 3 ವರ್ಕ್‌ಸ್ಪೇಸ್‌ಗಳನ್ನು ಮುಖ್ಯ ಮಾನಿಟರ್‌ಗಷ್ಟೇ ಸೀಮಿತಗೊಳಿಸಿ, ಎರಡನೆಯದರ ಮೇಲಿನ ವಿಂಡೋಗಳನ್ನು ಎಲ್ಲ ವರ್ಕ್‌ಸ್ಪೇಸ್‌ಗಳಲ್ಲೂ ಸ್ಥಿರವಾಗಿ ಉಳಿಸಿತು. ಕೆಡಿಇಯಲ್ಲಿ ಎಲ್ಲ ಮಾನಿಟರ್‌ಗಳೂ ಒಟ್ಟಿಗೇ ಬದಲಾದವು. ಹಗಲು ಕಚೇರಿಯಲ್ಲಿ ಎರಡು ಮಾನಿಟರ್, ಸಂಜೆ ಮನೆಯಲ್ಲಿ ಬರಿಯ ಲ್ಯಾಪ್‌ಟಾಪ್ ಬಳಸುವವನಿಗೆ ಈ ಎರಡೂ ನೀತಿಗಳು ದಿನಕ್ಕೆರಡು ಬಾರಿ ಪರೀಕ್ಷೆಗೊಳಗಾಗುತ್ತವೆ. 2020ರ ಮಾರ್ಚ್ ಲಾಕ್‌ಡೌನ್‌ನಲ್ಲಿ ಕಚೇರಿಗಳೇ ಮನೆಗಳೊಳಗೆ ಬಂದಾಗ ಇದಕ್ಕೆ ಇನ್ನೊಂದು ಪದರ ಕೂಡಿತು: ಡೇಟಾ ಸೆಂಟರ್‌ನಲ್ಲಿ ಓಡುವ ಕಚೇರಿಯ ಕಂಪ್ಯೂಟರನ್ನು ಮನೆಯ ಪರದೆಯಲ್ಲಿ ತೋರಿಸುವ ಏರ್ಪಾಡಿಗೂ ವರ್ಚುವಲ್ ಡೆಸ್ಕ್‌ಟಾಪ್ ಎಂದೇ ಹೆಸರು, ಮತ್ತು ಪೂರ್ಣಪರದೆಯಲ್ಲಿ ಓಡುವಾಗ ಅದು ಕೀಲಿಮಣೆಯನ್ನು ತನ್ನ ವಶಕ್ಕೆ ತೆಗೆದುಕೊಳ್ಳುವುದರಿಂದ ಡೆಸ್ಕ್‌ಟಾಪ್ ಬದಲಿಸಲು ಒತ್ತಿದ ಕೀಲಿಗಳು ಇಲ್ಲಿಯದನ್ನು ಬಿಟ್ಟು ಅಲ್ಲಿಯದನ್ನು ಬದಲಿಸಿಬಿಡುತ್ತವೆ.

ಕ್ರಿಸ್ಟಿಯನ್ ಹೋಗ್ಸ್‌ಬರ್ಗ್ 2008ರಲ್ಲಿ ಆರಂಭಿಸಿದ ವೇಲ್ಯಾಂಡ್, ಎಕ್ಸ್‌ನ ಮೂಲಸೂತ್ರವನ್ನೇ ಮಗುಚಿ, ಸರ್ವರ್ ಮತ್ತು ವಿಂಡೋ ಮ್ಯಾನೇಜರ್‌ಗಳನ್ನು ‘ಕಾಂಪೋಸಿಟರ್’ ಎಂಬ ಒಂದೇ ಪ್ರೋಗ್ರಾಂನಲ್ಲಿ ಕೂಡಿಸಿತು. ಅಲ್ಲಿ ಸಾಮಾನ್ಯ ಅನ್ವಯಕ್ಕೆ ತಾನು ಪರದೆಯ ಯಾವ ಭಾಗದಲ್ಲಿದ್ದೇನೆ, ಯಾವ ವರ್ಕ್‌ಸ್ಪೇಸ್‌ನಲ್ಲಿದ್ದೇನೆ ಎಂಬುದೇ ತಿಳಿಯದು. ಇನ್ನೊಂದು ಅನ್ವಯವನ್ನು ಮುಂದಕ್ಕೆ ತರಬೇಕಾದರೆ ಬಳಕೆದಾರನ ಕ್ರಿಯೆಯಿಂದ ಹುಟ್ಟಿದ ಒಂದು ಚೀಟಿಯನ್ನು ದಾಟಿಸಬೇಕು. ಇದರಿಂದ ವಿಂಡೋಗಳು ತಾವಾಗಿ ನುಗ್ಗಿಬರುವ ಹಾವಳಿ ತಗ್ಗಿತು. ಕುಸಿದು ಮತ್ತೆ ತೆರೆದ ಬ್ರೌಸರ್ ತನ್ನ ಹತ್ತು ವಿಂಡೋಗಳನ್ನು ಹಿಂದಿನ ಜಾಗಗಳಿಗೆ ತಾನೇ ಹಂಚಲಾರದೆ ಒಂದೇ ಕಡೆ ಸುರಿಯುವ ಹೊಸ ದೂರು ಅದರ ಬೆನ್ನಿಗೇ ಬಂತು. ಇತ್ತ ಕೆಡಿಇಯ ವಿಂಡೋ ಮ್ಯಾನೇಜರ್ ಆದ ಕೆವಿನ್, ಒಂದು ವಿಂಡೋಗೆ ಒಂದೇ ಸಂಖ್ಯೆ ಎಂಬ ಹಳೆಯ ಕಟ್ಟು ವೇಲ್ಯಾಂಡ್‌ನಲ್ಲಿ ತಪ್ಪಿದ್ದರಿಂದ, ಒಂದೇ ವಿಂಡೋವನ್ನು ಆಯ್ದ ಎರಡು ಮೂರು ಡೆಸ್ಕ್‌ಟಾಪ್‌ಗಳಲ್ಲಿ ಇಡಲು ಬಳಕೆದಾರನಿಗೆ ಅವಕಾಶ ಕೊಟ್ಟಿದೆ. ಕೋಣೆಗೊಂದು ಬೇರೆ ಜಾಗ, ಬೇರೆ ಆಕಾರ ಎಂಬ ಹೆಂಡರ್ಸನ್ ಮತ್ತು ಕಾರ್ಡ್ ಅವರ ಉಳಿದರ್ಧ ಮಾತ್ರ ಅಲ್ಲಿಯೂ ಸೇರಿಲ್ಲ.