ನರಹತ್ಯೆಯ ಕಾನೂನು ಮತ್ತು ಪ್ರಮಾದದ ತೂಕ

ಒಬ್ಬ ಮನುಷ್ಯನು ಇನ್ನೊಬ್ಬನ ಕೈಯಿಂದ ಸತ್ತನೆಂದರೆ ಲೋಕದ ಬಾಯಲ್ಲಿ ಬರುವುದು ಒಂದೇ ಮಾತು: ಕೊಲೆ. ನ್ಯಾಯಾಲಯವು ಅಷ್ಟಕ್ಕೆ ನಿಲ್ಲುವುದಿಲ್ಲ. ಹೊಡೆದವನ ಮನಸ್ಸಿನಲ್ಲಿ ಏನಿತ್ತು, ಅವನಿಗೆ ಏನು ತಿಳಿದಿತ್ತು, ಯಾವ ಸಂದರ್ಭದಲ್ಲಿ ಅವನು ಕೈಯೆತ್ತಿದನು ಎಂದು ವಿಚಾರಿಸಿ, ಒಂದೇ ಬಗೆಯ ಸಾವಿಗೆ ಬೇರೆ ಬೇರೆ ಹೆಸರನ್ನೂ ಬೇರೆ ಬೇರೆ ಶಿಕ್ಷೆಯನ್ನೂ ಕೊಡುತ್ತದೆ. ಜೈನ ಪರಂಪರೆಗೆ ಈ ವಿಚಾರಣೆಯ ಕ್ರಮ ಹೊಸದಲ್ಲ. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಗಿಂತ ಮೊದಲು ಪ್ರಮತ್ತಯೋಗವನ್ನು ಇರಿಸಿದೆ. ಆದುದರಿಂದ ನಮ್ಮ ದೇಶದ ನರಹತ್ಯೆಯ ಕಾನೂನು ಬೆಳೆದು ಬಂದ ಬಗೆಯನ್ನು ಅರಿಯುವುದು ಶ್ರಾವಕರಿಗೆ ಉಪಯುಕ್ತವಾದ ಅಭ್ಯಾಸ.

ಈಸ್ಟ್ ಇಂಡಿಯಾ ಕಂಪನಿಯು ಬಂಗಾಳದ ಆಡಳಿತವನ್ನು ವಹಿಸಿಕೊಂಡಾಗ ಅಲ್ಲಿ ಇಸ್ಲಾಮೀ ದಂಡನೀತಿಯು ನಡೆಯುತ್ತಿತ್ತು. ಅಬೂ ಹನೀಫಾ ಅವರ ಮತದಂತೆ ಹತ್ಯೆಯ ವರ್ಗವು ಬಹುಮಟ್ಟಿಗೆ ಬಳಸಿದ ಆಯುಧವನ್ನು ಅವಲಂಬಿಸುತ್ತಿತ್ತು. ಸತ್ತವನ ಬಂಧುಗಳು ಹಂತಕನನ್ನು ಕ್ಷಮಿಸಲೂ ಬಹುದಾಗಿತ್ತು. 1790ರಲ್ಲಿ ಕಾರ್ನ್‌ವಾಲಿಸನು ಆಯುಧದ ಬದಲು ಉದ್ದೇಶವೇ ಅಳತೆಗೋಲಾಗಬೇಕೆಂದು ವಿಧಿಸಿದನು. ಅದೇ ದಶಕದಲ್ಲಿ ಬಂಧುಗಳ ಕ್ಷಮಾಧಿಕಾರವೂ ಹೋಯಿತು. ಕೊಲೆಯು ಎರಡು ಮನೆಗಳ ನಡುವಣ ವ್ಯವಹಾರವೆನಿಸದೆ ಇಡೀ ಸಮಾಜದ ವಿರುದ್ಧದ ಅಪರಾಧವೆನಿಸಿತು.

ಮೆಕಾಲೆಯ ಅಧ್ಯಕ್ಷತೆಯ ಆಯೋಗವು 1837ರಲ್ಲಿ ಸಿದ್ಧಪಡಿಸಿದ ಕರಡು, ಹಲವು ತಿದ್ದುಪಡಿಗಳ ನಂತರ 1860ರಲ್ಲಿ ಭಾರತೀಯ ದಂಡ ಸಂಹಿತೆಯಾಗಿ, 1862ರ ಜನವರಿ 1ರಿಂದ ಜಾರಿಗೆ ಬಂದಿತು. ಅದರ 299ನೆಯ ಕಲಂ ದಂಡನೀಯ ನರಹತ್ಯೆಯನ್ನೂ 300ನೆಯ ಕಲಂ ಕೊಲೆಯನ್ನೂ ವಿವರಿಸಿದವು. ಎಲ್ಲ ಕೊಲೆಯೂ ದಂಡನೀಯ ನರಹತ್ಯೆಯೇ. ಆದರೆ ಎಲ್ಲ ದಂಡನೀಯ ನರಹತ್ಯೆಯೂ ಕೊಲೆಯಲ್ಲ. ಕೊಲ್ಲಬೇಕೆಂಬ ಉದ್ದೇಶ, ಸಹಜಗತಿಯಲ್ಲಿ ಸಾವನ್ನು ತರಲು ಸಾಕಾಗುವಂತಹ ಗಾಯವನ್ನು ಮಾಡುವ ಉದ್ದೇಶ, ಸಾವು ಬಹುತೇಕ ನಿಶ್ಚಿತವೆಂಬ ಅರಿವು, ಇವು ಕೊಲೆಯ ಕಡೆಗೆ ತೂಗುತ್ತವೆ. ಸಾವು ಸಂಭವಿಸಬಹುದೆಂಬ ಕೆಳಮಟ್ಟದ ಅರಿವು ಎರಡನೆಯ ವರ್ಗಕ್ಕೆ ಸೇರುತ್ತದೆ.

ಈ ಸೂಕ್ಷ್ಮವನ್ನು ಸ್ಪಷ್ಟಪಡಿಸಿದ್ದು 1876ರ ಗೋವಿಂದನ ಮೊಕದ್ದಮೆ. ಹದಿನೆಂಟು ವರ್ಷದ ಯುವಕನೊಬ್ಬನು ತನ್ನ ಎಳೆಯ ಹೆಂಡತಿಯನ್ನು ಒದ್ದು ಕೆಡವಿ, ಮುಖಕ್ಕೆ ಮುಷ್ಟಿಯಿಂದ ಗುದ್ದಿದನು. ಮಿದುಳಿನಲ್ಲಿ ರಕ್ತಸ್ರಾವವಾಗಿ ಅವಳು ಸತ್ತಳು. ಬೊಂಬಾಯಿ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಮೆಲ್ವಿಲ್ ಅವರು ಎರಡು ಕಲಂಗಳನ್ನು ಎದುರುಬದುರಾಗಿ ಇಟ್ಟು ನೋಡಿ, ಕೊಲ್ಲುವ ಉದ್ದೇಶವಿರಲಿಲ್ಲ, ಗಾಯವೂ ಸಹಜಗತಿಯಲ್ಲಿ ಸಾವನ್ನು ತರುವಷ್ಟಿರಲಿಲ್ಲ ಎಂದು, ಅದನ್ನು ಕೊಲೆಯೆನಿಸದ ದಂಡನೀಯ ನರಹತ್ಯೆಯೆಂದು ನಿರ್ಣಯಿಸಿದರು. ಆ ಹೆಣ್ಣುಮಗಳ ಪ್ರಾಣವು ಕಡಿಮೆ ಬೆಲೆಯದೆಂದು ಇದರ ಅರ್ಥವಲ್ಲ. ಶಿಕ್ಷೆಯ ತೂಕವು ದೋಷದ ತೂಕವನ್ನು ಮೀರಬಾರದೆಂಬುದೇ ಇದರ ಅರ್ಥ.

ಆರೋಪಿಗೆ ಸಮರ್ಥನೆಯ ದಾರಿಗಳನ್ನೂ ಕಾನೂನು ತೆರೆದಿದೆ. ಬುದ್ಧಿಭ್ರಮಣೆಯಿಂದ ತನ್ನ ಕೃತ್ಯದ ಸ್ವರೂಪವನ್ನೇ ಅರಿಯದವನು ಅಪರಾಧಿಯಲ್ಲ. ನ್ಯಾಯಬದ್ಧವಾದ ಕೆಲಸವನ್ನು ತಕ್ಕ ಎಚ್ಚರಿಕೆಯಿಂದ ಮಾಡುತ್ತಿರುವಾಗ ಆದ ಆಕಸ್ಮಿಕಕ್ಕೂ ಶಿಕ್ಷೆಯಿಲ್ಲ. ತೀವ್ರವೂ ಹಠಾತ್ತೂ ಆದ ಪ್ರಚೋದನೆಯು ಕೊಲೆಯ ಆರೋಪವನ್ನು ತಗ್ಗಿಸಬಲ್ಲದು. ಆದರೆ 1961ರಲ್ಲಿ ನಾನಾವತಿ ಮೊಕದ್ದಮೆಯ ತೀರ್ಪು ಈ ದಾರಿಯ ಎಲ್ಲೆಯನ್ನು ತೋರಿಸಿತು. ನೌಕಾದಳದ ಆ ಅಧಿಕಾರಿಯು ಪತ್ನಿಯ ತಪ್ಪೊಪ್ಪಿಗೆಯನ್ನು ಕೇಳಿದ ಮೇಲೆ ಹಡಗಿಗೆ ಹೋಗಿ ರಿವಾಲ್ವರ್ ಪಡೆದು, ಸುಮಾರು ಮೂರು ಗಂಟೆಗಳ ಬಳಿಕ ಗುಂಡು ಹಾರಿಸಿದ್ದನು. ಅಷ್ಟು ಹೊತ್ತಿನಲ್ಲಿ ಮನಸ್ಸು ಸ್ತಿಮಿತಕ್ಕೆ ಬರಲು ಅವಕಾಶವಿತ್ತೆಂದು ಸರ್ವೋಚ್ಚ ನ್ಯಾಯಾಲಯವು ಅದನ್ನು ಕೊಲೆಯೆಂದೇ ಎತ್ತಿಹಿಡಿಯಿತು. ಕ್ಷಣದ ಕ್ರೋಧ ಬೇರೆ, ಮನಸ್ಸಿನಲ್ಲಿ ಇರಿಸಿಕೊಂಡು ಪೋಷಿಸಿದ ಕ್ರೋಧ ಬೇರೆ. ಕಷಾಯಗಳ ತೀವ್ರ ಮಂದ ಭೇದಗಳನ್ನು ಬಲ್ಲವರಿಗೆ ಈ ತರ್ಕವು ಅಪರಿಚಿತವೆನಿಸದು.

ಆತ್ಮರಕ್ಷಣೆಯ ಹಕ್ಕು ಇನ್ನೊಂದು ಸಮರ್ಥನೆ. ಗೃಹಸ್ಥನ ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸುವ ನಮ್ಮ ಕ್ರಮದಲ್ಲಿ ಸಂಕಲ್ಪಿ ಹಿಂಸೆಗೆ ಎಂದಿಗೂ ಎಡೆಯಿಲ್ಲ. ವಿರೋಧಿ ಹಿಂಸೆಗೆ ಅನಿವಾರ್ಯವಾದಾಗ ಎಡೆಯುಂಟು. ಚಾವುಂಡರಾಯನೂ ಗಂಗರಾಜನೂ ಅಣುವ್ರತಿಗಳಾಗಿದ್ದುಕೊಂಡೇ ಸೇನಾಪತಿಗಳಾಗಿದ್ದುದು ಈ ವಿವೇಕದಿಂದ. ಕಾನೂನು ಕೂಡ ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚಿನ ಹಾನಿಯನ್ನು ಒಪ್ಪುವುದಿಲ್ಲ. ಬಿಹಾರದಲ್ಲಿ ಒಬ್ಬಾತನು ತನ್ನ ಶೌಚಾಲಯವನ್ನು ನೆರೆಯವರು ಬಳಸದಂತೆ ಅಲ್ಲಿಗೆ ವಿದ್ಯುತ್ ಹರಿಯುವ ಬರಿಯ ತಂತಿಯನ್ನು ಕಟ್ಟಿದ್ದನು. ಅದು ತಗುಲಿ ನೆರೆಮನೆಯ ಹೆಂಗಸೊಬ್ಬಳು ಸತ್ತಳು. ಅವಳು ಅನುಮತಿಯಿಲ್ಲದೆ ಒಳಬಂದಿದ್ದಳು ಎಂಬ ವಾದವನ್ನು ಸರ್ವೋಚ್ಚ ನ್ಯಾಯಾಲಯವು 1963ರಲ್ಲಿ ತಳ್ಳಿಹಾಕಿತು. ಆಸ್ತಿಯ ರಕ್ಷಣೆಯು ಮರಣದ ಬಲೆಯನ್ನು ಹೂಡುವ ಹಕ್ಕಲ್ಲ. ಹೊಲಗದ್ದೆಗಳ ಬೇಲಿಗೆ ಅಕ್ರಮವಾಗಿ ವಿದ್ಯುತ್ ಹರಿಸುವವರು ಇದನ್ನು ನೆನಪಿನಲ್ಲಿಡಬೇಕು.

ಇಲ್ಲಿಗೆ ಬಂದಾಗ ಪ್ರಮಾದದ ವಿಚಾರವು ಎದುರಾಗುತ್ತದೆ. 1860ರ ಸಂಹಿತೆಯಲ್ಲಿ ನಿರ್ಲಕ್ಷ್ಯದಿಂದಾದ ಸಾವಿಗೆ ಪ್ರತ್ಯೇಕ ಕಲಂ ಇರಲಿಲ್ಲ. 1870ರಲ್ಲಿ 304ಎ ಕಲಂ ಸೇರಿತು; ಗರಿಷ್ಠ ಶಿಕ್ಷೆ ಎರಡು ವರ್ಷದ ಸೆರೆವಾಸ. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದ ಕಾರ್ಖಾನೆಯಿಂದ ವಿಷಾನಿಲವು ಸೋರಿ ಸಾವಿರಾರು ಜನರು ಸತ್ತರು. ಕಾರ್ಖಾನೆಗೆ ಸಂಬಂಧಿಸಿದ ಭಾರತೀಯ ಅಧಿಕಾರಿಗಳ ಮೇಲೆ ಮೊದಲು ದಂಡನೀಯ ನರಹತ್ಯೆಯ ಆರೋಪವಿದ್ದಿತು. 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ನಿರ್ಲಕ್ಷ್ಯದ ಆರೋಪಕ್ಕೆ ಇಳಿಸಿತು. 2010ರಲ್ಲಿ ಬಂದ ಶಿಕ್ಷೆ ಎರಡು ವರ್ಷ. ಉದ್ದೇಶವಾಗಲಿ ಸಾವಿನ ಅರಿವಾಗಲಿ ರುಜುವಾತಾಗದ ಕಡೆ ಕಾನೂನು ಅದಕ್ಕಿಂತ ಮೇಲಕ್ಕೆ ಹೋಗಲಾರದೆ ನಿಂತಿತು.

2024ರ ಜುಲೈ 1ರಿಂದ ದಂಡ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆಯು ಜಾರಿಯಲ್ಲಿದೆ. ದಂಡನೀಯ ನರಹತ್ಯೆ ಮತ್ತು ಕೊಲೆಯ ಲಕ್ಷಣಗಳು 100 ಮತ್ತು 101ನೆಯ ಕಲಂಗಳಲ್ಲಿ ಬಹುಮಟ್ಟಿಗೆ ಹಿಂದಿನಂತೆಯೇ ಉಳಿದಿವೆ. ನಿರ್ಲಕ್ಷ್ಯದ ಸಾವಿಗೆ 106ನೆಯ ಕಲಂ ಐದು ವರ್ಷದವರೆಗಿನ ಸೆರೆವಾಸವನ್ನು ವಿಧಿಸುತ್ತದೆ. ಚಿಕಿತ್ಸೆಯ ವೇಳೆ ನೋಂದಾಯಿತ ವೈದ್ಯರಿಂದಾದ ಲೋಪಕ್ಕೆ ಮಾತ್ರ ಎರಡು ವರ್ಷದ ಮಿತಿಯಿದೆ. ಒಂದೂವರೆ ಶತಮಾನದ ನಂತರ ಪ್ರಮಾದದ ತೂಕವು ಸ್ವಲ್ಪ ಏರಿದೆ.

ಆದರೂ ಕಾನೂನಿಗೂ ಧರ್ಮಕ್ಕೂ ಒಂದು ಅಂತರ ಉಳಿದೇ ಇದೆ. ಜನ್ನನ ಯಶೋಧರ ಚರಿತೆಯಲ್ಲಿ ಅರಸನು ಬಲಿಕೊಟ್ಟುದು ಹಿಟ್ಟಿನ ಕೋಳಿಯನ್ನು. ಆದರೂ ಸಂಕಲ್ಪದ ಫಲವು ಅವನನ್ನೂ ಅವನ ತಾಯಿಯನ್ನೂ ಜನ್ಮಜನ್ಮಾಂತರಗಳಲ್ಲಿ ಬೆನ್ನಟ್ಟಿತು. ಯಾವ ನ್ಯಾಯಾಲಯವೂ ಹಿಟ್ಟಿನ ಕೋಳಿಗಾಗಿ ಮೊಕದ್ದಮೆ ಹೂಡದು. ಹಾಗೆಯೇ ನರಹತ್ಯೆಯ ಕಲಂಗಳು ಸಾವಾದ ಮೇಲೆ ಎಚ್ಚರಗೊಳ್ಳುತ್ತವೆ. ಪುರುಷಾರ್ಥಸಿದ್ಧ್ಯುಪಾಯದ ಅಮೃತಚಂದ್ರಾಚಾರ್ಯರ ವಿಚಾರಸರಣಿಯಲ್ಲಿ, ಜೀವವು ಸಾಯಲಿ ಬದುಕಲಿ, ಎಚ್ಚರ ತಪ್ಪಿದವನು ಆಗಲೇ ಹಿಂಸೆಗೆ ಒಳಗಾದನು.

ಈ ಮಾತು ವ್ಯಾಪಾರಿಗಳಿಗೂ ಬಸದಿಗಳ ಧರ್ಮದರ್ಶಿಗಳಿಗೂ ನೇರವಾಗಿ ಅನ್ವಯಿಸುತ್ತದೆ. ನೀರನ್ನು ಸೋಸಿ ಕುಡಿಯುವ, ರಾತ್ರಿಭೋಜನವನ್ನು ತ್ಯಜಿಸಿದ ಮನೆತನದ ಗೋದಾಮಿನಲ್ಲಿ ಹೊರಬಾಗಿಲಿಗೆ ಬೀಗ ಹಾಕಿ ಆಳುಗಳನ್ನು ದುಡಿಸಿದರೆ, ಅಲ್ಲಿ ವ್ರತವು ಹೊಸ್ತಿಲಾಚೆಗೇ ನಿಂತಂತೆ. ಅಭಿಷೇಕದ ಅಟ್ಟಣೆ, ರಥೋತ್ಸವದ ದೀಪಾಲಂಕಾರದ ತಂತಿ, ಪಾಚಿಗಟ್ಟಿದ ಕಲ್ಯಾಣಿಯ ಮೆಟ್ಟಿಲು, ಅನ್ನದಾಸೋಹದ ಅನಿಲದ ಸಿಲಿಂಡರು, ಇವುಗಳ ತಪಾಸಣೆಯು ಪೂಜೆಯ ಸಿದ್ಧತೆಯಷ್ಟೇ ಮುಖ್ಯವಾದ ಕರ್ತವ್ಯ. ದುರಂತವಾದ ಮೇಲೆ ವಕೀಲರು ಉದ್ದೇಶವಿರಲಿಲ್ಲವೆಂದು ವಾದಿಸಬಹುದು. ಆ ವಾದವು ನ್ಯಾಯಾಲಯದಲ್ಲಿ ಗೆಲ್ಲಲೂಬಹುದು. ಪ್ರತಿಕ್ರಮಣಕ್ಕೆ ಕುಳಿತಾಗ ಆ ವಾದವು ನಿಲ್ಲುವುದಿಲ್ಲ. ಅಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಮೆಟ್ಟಿಲು ಸವೆದಿದ್ದುದು ತಿಳಿದಿದ್ದೂ ದುರಸ್ತಿಯನ್ನು ಮುಂದಿನ ವರ್ಷಕ್ಕೆ ತಳ್ಳಿದವರು ಯಾರು?