ಬಡಾವಣೆಯು ಊರಾದ ಬಗೆ

ಬೆಂಗಳೂರಿನ ಬಸವನಗುಡಿಯ ಹೆಸರನ್ನು ಕೇಳದವರು ನಮ್ಮಲ್ಲಿ ವಿರಳ. ಅಲ್ಲಿ ಒಂದು ಸ್ವಂತ ಮನೆಯುಳ್ಳವನನ್ನು ಲೋಕವು ಭಾಗ್ಯವಂತನೆಂದೇ ಎಣಿಸುತ್ತದೆ. ಆದರೆ ಈ ಭಾಗ್ಯದ ಮೂಲವನ್ನು ಅರಸುತ್ತ ಹೋದರೆ ಮೊದಲು ನಮಗೆ ಇದಿರಾಗುವುದು ಒಂದು ದೊಡ್ಡ ಭಯ. ಭಯದ ಕಾಲದಲ್ಲಿ ಹುಟ್ಟಿದ ಬಡಾವಣೆಯು ಜನರು ಅಭಿಮಾನದಿಂದ ಹೇಳಿಕೊಳ್ಳುವ ಊರಾದದ್ದು ಹೇಗೆ, ಅಲ್ಲಿನ ಮನೆಯ ಬೆಲೆಯಲ್ಲಿ ಯಾರು ಯಾರ ಪಾಲು ಸೇರಿದೆ ಎಂಬುದನ್ನು ಇಂದು ಶ್ರೋತೃಗಳೊಡನೆ ವಿಚಾರಮಾಡಬೇಕೆಂದಿದ್ದೇವೆ.

1898ನೆಯ ಇಸವಿ ಆಗಸ್ಟ್ ತಿಂಗಳಲ್ಲಿ ಪ್ಲೇಗು ಬೆಂಗಳೂರನ್ನು ಹೊಕ್ಕಿತು. ರೈಲುದಾರಿ ಹಿಡಿದು ಬಂದ ಆ ಮಾರಿಗೆ ಹಳೆಯ ಪೇಟೆಯ ರಚನೆಯೇ ಅನುಕೂಲವಾಯಿತು. ಚಿಕ್ಕಪೇಟೆ, ಅರಳೆಪೇಟೆ, ಅಕ್ಕಿಪೇಟೆಗಳಲ್ಲಿ ಮನೆಗಳು ಗೋಡೆಗೆ ಗೋಡೆ ತಾಗಿ ನಿಂತಿದ್ದವು. ಮುಂದೆ ಅಂಗಡಿ, ಹಿಂದೆ ವಾಸ, ನಡುವೆ ದಾಸ್ತಾನು. ಧಾನ್ಯವಿದ್ದೆಡೆ ಇಲಿ, ಇಲಿಯಿದ್ದೆಡೆ ರೋಗವನ್ನು ಹೊತ್ತ ಚಿಗಟ. ಇಲಿ ಬಿದ್ದಿತೆಂದರೆ ಜನರು ಮನೆಗೆ ಬೀಗ ಹಾಕಿ ಊರ ಹೊರಗಿನ ಗುಡಿಸಿಲುಗಳಿಗೆ ಓಡಬೇಕಾಗುತ್ತಿತ್ತು. 1891ರ ಖಾನೇಷುಮಾರಿಯಲ್ಲಿ ನಗರ ಮತ್ತು ದಂಡುಪ್ರದೇಶಗಳೆರಡೂ ಸೇರಿ ಸುಮಾರು 1,80,000 ಇದ್ದ ಜನಸಂಖ್ಯೆಯು 1901ರಲ್ಲಿ ಸುಮಾರು 1,59,000ಕ್ಕೆ ಇಳಿಯಿತು. ಸತ್ತವರೊಡನೆ ಊರು ಬಿಟ್ಟವರೂ ಈ ಇಳಿತದಲ್ಲಿ ಸೇರಿದ್ದಾರೆ.

ಊರನ್ನು ಹೊರಕ್ಕೆ ಬೆಳೆಸಬೇಕೆಂಬ ಆಲೋಚನೆಯು ಪ್ಲೇಗಿಗಿಂತ ಮುಂಚಿನದು. ದಿವಾನ್ ಶೇಷಾದ್ರಿ ಅಯ್ಯರವರ ಆಡಳಿತದಲ್ಲಿ, 1892ರ ವೇಳೆಗೆ ಕೋಟೆಯ ಪಶ್ಚಿಮಕ್ಕೆ ಚಾಮರಾಜಪೇಟೆಯು ಏರ್ಪಟ್ಟಿತ್ತು. ಹೆಸರಘಟ್ಟದ ಕೆರೆಯಿಂದ ಕೊಳವೆಯಲ್ಲಿ ನೀರು ಬಂದದ್ದೂ ಆ ದಶಕದಲ್ಲಿಯೇ. ಆದರೆ ಜನರು ತಲೆತಲಾಂತರದ ಮನೆಯನ್ನು ಬಿಟ್ಟು ಬಯಲಿಗೆ ಹೋಗಲು ನೀರೊಂದೇ ಸಾಲದು. ಆ ಕೆಲಸವನ್ನು ಪ್ಲೇಗು ಮಾಡಿತು. 1898ರಲ್ಲಿ ಉತ್ತರಕ್ಕೆ ಮಲ್ಲೇಶ್ವರ, ದಕ್ಷಿಣಕ್ಕೆ ಬಸವನಗುಡಿ ಎಂಬೆರಡು ಬಡಾವಣೆಗಳು ಹುಟ್ಟಿದವು. ನೇರವಾದ ಅಗಲ ಬೀದಿಗಳು, ಮನೆಗೂ ಮನೆಗೂ ನಡುವೆ ಗಾಳಿಯಾಡುವಷ್ಟು ತೆರಪು, ಮುಂದೆ ಗಿಡಮರಗಳಿಗೆ ಸ್ಥಳ, ಮನೆಗಳ ಹಿಂದೆ ಮಲವನ್ನು ಸಾಗಿಸುವುದಕ್ಕಾಗಿ ಕಿರಿದಾದ ಗಲ್ಲಿ: ಇದು ಆ ಯೋಜನೆಯ ಸ್ವರೂಪ. ಅಂದಿನ ವೈದ್ಯಶಾಸ್ತ್ರದ ಎಚ್ಚರಿಕೆಗಳೆಲ್ಲ ಆ ನಕ್ಷೆಯಲ್ಲಿ ಗೆರೆಗಳಾಗಿ ಮೂಡಿದ್ದುವು.

ಇದರಿಂದ ಮನೆ ಎಂಬ ಮಾತಿನ ಅರ್ಥವೇ ಬದಲಾಯಿತು. ಪೇಟೆಯಲ್ಲಿ ಮನೆಯೆಂದರೆ ಕಸುಬು, ಕುಲ, ಅಂಗಡಿ ಎಲ್ಲವೂ ಒಂದೇ ಸೂರಿನಡಿ. ಬಡಾವಣೆಯಲ್ಲಿ ಅದು ವಾಸಕ್ಕೆ ಮಾತ್ರ. ಅಲ್ಲಿಗೆ ಬಂದವರಲ್ಲಿ ಹಲವರು ಕಚೇರಿಯ ನೌಕರರು, ವಕೀಲರು, ಉಪಾಧ್ಯಾಯರು. ತಿಂಗಳ ಸಂಬಳವನ್ನು ನಂಬಿದವರು. ತಿಂಗಳ ಸಂಬಳದ ಬೆನ್ನಿಗೆ ತಿಂಗಳ ಬಾಡಿಗೆಯೂ ಬಂದಿತು. ಸ್ವಂತ ಮನೆ ಕಟ್ಟಿದವರು ಪಕ್ಕದಲ್ಲಿಯೋ ಹಿತ್ತಿಲಿನಲ್ಲಿಯೋ ನಾಲ್ಕಾರು ಪುಟ್ಟ ಮನೆಗಳ ವಠಾರವನ್ನು ಎಬ್ಬಿಸಿದರು. ಒಂದೇ ಬಾವಿ ಅಥವಾ ನಲ್ಲಿ, ಒಂದೇ ಅಂಗಳ. ಒಬ್ಬರ ಮನೆಯ ಒಗ್ಗರಣೆಯ ಘಮವು ಎಲ್ಲರಿಗೂ ಸೇರಿದ್ದು. ಹಳ್ಳಿಯಿಂದ ಓದಲು ಬಂದ ಹುಡುಗನಿಗೂ ಹೊಸದಾಗಿ ಸಂಸಾರ ಹೂಡಿದ ಗುಮಾಸ್ತನಿಗೂ ಬೆಂಗಳೂರಿನಲ್ಲಿ ನೆಲೆ ದೊರೆತದ್ದು ಬಂಗಲೆಯಲ್ಲಿ ಅಲ್ಲ, ಇಂಥ ವಠಾರದಲ್ಲಿ.

ಆದರೆ ಈ ಚಿತ್ರದ ಮತ್ತೊಂದು ಮಗ್ಗುಲನ್ನು ಮರೆಮಾಚಲಾಗದು. ಹೊಸ ಬಡಾವಣೆಗಳ ನಿವೇಶನಗಳು ಜಾತಿವಾರು ಕೇರಿಗಳ ಹಳೆಯ ಕ್ರಮವನ್ನು ಬಹುಮಟ್ಟಿಗೆ ಅನುಸರಿಸಿಯೇ ಹಂಚಿಕೆಯಾದವು. ನಿವೇಶನ ಕೊಳ್ಳಲು ಶಕ್ತಿಯಿಲ್ಲದವರು ಹಳೆಯ ಇಕ್ಕಟ್ಟಿನಲ್ಲಿಯೇ ಉಳಿದರು. ಹಿಂದಿನ ಗಲ್ಲಿಯಲ್ಲಿ ಮಲ ಹೊತ್ತು ನಡೆದು, ಬೀದಿಯ ನೈರ್ಮಲ್ಯವನ್ನು ಕಾಪಾಡಿದವರಿಗೆ ಆ ಬೀದಿಯಲ್ಲಿ ಮನೆಯಿರಲಿಲ್ಲ. ಪ್ಲೇಗು ಜಾತಿಯನ್ನು ನೋಡಿ ಬರಲಿಲ್ಲ. ಅದರಿಂದ ಪಾರಾಗುವ ದಾರಿ ಮಾತ್ರ ಎಲ್ಲರಿಗೂ ಸಮನಾಗಿ ತೆರೆಯಲಿಲ್ಲ.

ಇನ್ನು ಬಡಾವಣೆಯು ನಿಂತ ನೆಲವೂ ಬರಿಯ ಬಯಲಾಗಿರಲಿಲ್ಲ. ಅಲ್ಲಿ ಸುಂಕೇನಹಳ್ಳಿಯಿತ್ತು, ಸುತ್ತ ಗುಟ್ಟಹಳ್ಳಿ, ಮಾವಳ್ಳಿ ಮೊದಲಾದ ಊರುಗಳಿದ್ದವು. ಕೆಂಪೇಗೌಡರ ಕಾಲದ್ದೆಂದು ಪ್ರತೀತಿಯಿರುವ ಗುಡಿಯಲ್ಲಿ ಒಂದೇ ಬಂಡೆಯಿಂದ ಕಡೆದ, ಸುಮಾರು 15 ಅಡಿ ಎತ್ತರದ ಬಸವಣ್ಣನಿದ್ದನು. ರಾತ್ರಿ ಬಂದು ಕಡಲೆಕಾಯಿಯ ಪೈರನ್ನು ಮೇಯುತ್ತಿದ್ದ ಬಸವನು ಕಲ್ಲಾದನೆಂದೂ, ರೈತರು ಮೊದಲ ಫಸಲನ್ನು ಅವನಿಗೆ ಒಪ್ಪಿಸುವುದಾಗಿ ಹರಕೆ ಹೊತ್ತರೆಂದೂ ಕಥೆಯುಂಟು. ಕಡಲೆಕಾಯಿಯು ದಕ್ಷಿಣ ಅಮೆರಿಕೆಯಿಂದ ಕಡಲು ದಾಟಿ ಬಂದ ಬೆಳೆಯಾದುದರಿಂದ, ಕಥೆಯು ಅದು ನಮ್ಮ ಹೊಲಗಳಲ್ಲಿ ನೆಲೆನಿಂತ ಮೇಲೆ ಈ ರೂಪ ತಾಳಿರಬೇಕು. ಆದರೂ ಜಾತ್ರೆಯ ಸತ್ಯಕ್ಕೆ ಇದರಿಂದ ಕುಂದಿಲ್ಲ. ಹೊಲಗಳು ನಿವೇಶನಗಳಾದವು, ಕಾರ್ತಿಕಮಾಸದ ಕಡೆಯ ಸೋಮವಾರದ ಪರಿಷೆ ಮಾತ್ರ ನಿಲ್ಲಲಿಲ್ಲ. ಇಂದಿಗೂ ಆ ದಿನಗಳಲ್ಲಿ ದೂರದ ಊರುಗಳ ರೈತರು ಬೀದಿಯ ಎರಡು ಪಕ್ಕಗಳಲ್ಲಿ ಕಡಲೆಕಾಯಿಯ ರಾಶಿ ಹಾಕಿ ಕುಳಿತುಕೊಳ್ಳುತ್ತಾರೆ. ನೆಲವು ಮೊದಲು ಯಾರದಾಗಿತ್ತೆಂಬುದನ್ನು ಬಡಾವಣೆಯು ವರ್ಷಕ್ಕೊಮ್ಮೆಯಾದರೂ ನೆನೆಯುತ್ತದೆ.

ಬೀದಿಗಳನ್ನು ಅಳೆದವರು ಸರ್ಕಾರದವರು. ಊರನ್ನು ಕಟ್ಟಿದವರು ಅಲ್ಲಿ ಬಾಳಿದವರು. 1917ರಲ್ಲಿ ನ್ಯಾಷನಲ್ ಹೈಸ್ಕೂಲು ಆರಂಭವಾಯಿತು. 1943ರಲ್ಲಿ ಗಾಂಧಿಬಜಾರಿನಲ್ಲಿ ತೆರೆದ ವಿದ್ಯಾರ್ಥಿ ಭವನವು ದೋಸೆಯೊಡನೆ ಸಾಹಿತ್ಯಚರ್ಚೆಗೂ ಎಡೆಕೊಟ್ಟಿತು. 1945ರಲ್ಲಿ ಡಿ. ವಿ. ಗುಂಡಪ್ಪನವರು ಗೋಖಲೆ ಸಾರ್ವಜನಿಕ ವಿಚಾರಸಂಸ್ಥೆಯನ್ನು ಸ್ಥಾಪಿಸಿದರು. ಪಕ್ಕದ ಗವಿಪುರದಲ್ಲಿ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಮನೆಯಿತ್ತು. ನೆರೆಯ ಚಾಮರಾಜಪೇಟೆಯಲ್ಲಿ 1939ರಿಂದ ರಾಮನವಮಿಯ ಸಂಗೀತೋತ್ಸವವು ನಡೆದುಬಂದಿತು. ಶಾಲೆ, ಸಭೆ, ಸಂಗೀತ, ಪರಿಷೆ, ಬೆಳಗಿನ ಹೂವಿನ ಅಂಗಡಿ, ಇವುಗಳಲ್ಲಿ ಒಂದೂ ನಿವೇಶನದ ಕ್ರಯಪತ್ರದಲ್ಲಿ ನಮೂದಾಗುವುದಿಲ್ಲ. ಅಲ್ಲಿ ಬರೆದಿರುವುದು ಚೆಕ್ಕುಬಂದಿ ಮಾತ್ರ: ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ರಸ್ತೆ. ಆದರೂ ಕೊಳ್ಳುವವನು ಹೆಚ್ಚಿನ ಹಣ ತೆರುವುದು ಬರೆಯದಿರುವ ಆ ವಸ್ತುಗಳಿಗಾಗಿಯೇ.

ನಮ್ಮ ಕಾಲದ ಸಂಕಟವು ಇಲ್ಲಿಯೇ ಇದೆ. ನಿವೇಶನ ಹಂಚುವ ಕಾರ್ಯವು 1945ರಲ್ಲಿ ನಗರಾಭಿವೃದ್ಧಿಯ ವಿಶ್ವಸ್ತ ಮಂಡಳಿಗೂ, 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರಕ್ಕೂ ಬಂದಿತು. ನಗರವು ಹತ್ತು ದಿಕ್ಕಿಗೂ ಹಬ್ಬಿತು. 2017ರಲ್ಲಿ ಮೆಟ್ರೋ ರೈಲು ಬಸವನಗುಡಿಯ ಅಂಚಿಗೂ ಬಂದಿತು. ಹೊರವಲಯವಾಗಿದ್ದ ಬಡಾವಣೆ ಈಗ ನಗರದ ಒಡಲು. ಬೆಲೆಯೇರಿದಂತೆಲ್ಲ ಹೆಂಚಿನ ಮನೆಗಳು ಇಳಿದು ಬಹುಮಹಡಿಗಳು ಏಳುತ್ತಿವೆ, ವಠಾರಗಳು ಅಪರೂಪವಾಗುತ್ತಿವೆ. ಅಣ್ಣತಮ್ಮಂದಿರ ಪಾಲಿಗೆ ಮನೆಯನ್ನು ಮಾರದೆ ವಿಧಿಯಿಲ್ಲವೆಂಬುದನ್ನು ನಾವು ಬಲ್ಲೆವು. ಮಾರಿದವರನ್ನು ದೂರುವುದು ನ್ಯಾಯವಲ್ಲ. ಆದರೆ ಬಾಲ್ಯವನ್ನು ಅಲ್ಲಿ ಕಳೆದ ಉಪಾಧ್ಯಾಯನ ಮಗನು ಇಂದು ಅಲ್ಲಿ ಬಾಡಿಗೆಗೂ ಇರಲಾರನೆಂದರೆ, ಆ ಶಾಲೆ, ಆ ಸಭೆಗಳನ್ನು ಮುಂದೆ ನಡೆಸತಕ್ಕವರು ಯಾರು?

1898ರಲ್ಲಿ ಇಕ್ಕಟ್ಟಿನಿಂದ ಜನರನ್ನು ಉಳಿಸಲು ಹಿರಿಯರು ಬಯಲನ್ನು ಅಳೆದರು. ಅವರು ಗಾಳಿಗೆ, ಬೆಳಕಿಗೆ ಸ್ಥಳ ಬಿಟ್ಟರು, ಎಲ್ಲರಿಗೂ ಬಿಡಲಿಲ್ಲ. ಹೊಸ ಬಡಾವಣೆಗಳನ್ನು ಅಳೆಯುವ ಇಂದಿನವರು ಅವರ ವಿವೇಕವನ್ನು ಇಟ್ಟುಕೊಂಡು ಅವರ ಕೊರತೆಯನ್ನು ತುಂಬಬೇಕು. ಸಣ್ಣ ಬಾಡಿಗೆಯ ಮನೆಗೆ, ಬೀದಿ ಗುಡಿಸುವವರ ಮನೆಗೆ, ಒಂದು ಶಾಲೆಗೆ, ವರ್ಷಕ್ಕೊಮ್ಮೆ ರೈತನು ಬಂದು ರಾಶಿ ಹಾಕುವಷ್ಟು ಬಯಲಿಗೆ ನಕ್ಷೆಯಲ್ಲಿ ಮೊದಲೇ ಎಡೆಯಿದ್ದರೆ, ಆ ಬಡಾವಣೆಯೂ ಊರಾಗಲು ಅಡ್ಡಿಯಿಲ್ಲ.